ಹೋಟೆಲಿನ ಆ ಐದು ಗಂಟೆ ಯಾವ ಲೆಕ್ಕಕ್ಕೆ? ಪೈಲಟ್‌ಗಳ ರಾತ್ರಿ ಸ್ಪ್ಲಿಟ್ ಡ್ಯೂಟಿ, ಸಂಬಳ, ಆಯಾಸ

ಬಲಸೀಟು

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಪ್ರಾದೇಶಿಕ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಕೆಲಸಕ್ಕೆ ಸೇರಿ ಇದು ಮೂರನೇ ವರ್ಷ. ಈ ತಿಂಗಳ ರೋಸ್ಟರ್‌ನಲ್ಲಿ ನನಗೆ ಹನ್ನೆರಡು ರಾತ್ರಿ ಸ್ಪ್ಲಿಟ್ ಡ್ಯೂಟಿ ಬಂದಿದೆ. ಗೊತ್ತಿಲ್ಲದವರಿಗಾಗಿ ಒಂದು ರಾತ್ರಿ ಹೇಗಿರುತ್ತೆ ಅಂತ ಮೊದಲು ಹೇಳಿಬಿಡುತ್ತೇನೆ.

ಸಂಜೆ 6ಕ್ಕೆ ರಿಪೋರ್ಟ್. ಒಂದು ಊರಿಗೆ ಹೋಗಿ ವಾಪಸ್ ಬೇಸ್‌ಗೆ, ಅಂದರೆ ಡ್ಯೂಟಿ ಶುರುವಾದ ಊರಿಗೆ, ಬರುತ್ತೇವೆ. ಆಮೇಲೆ 9.40ಕ್ಕೆ ಆ ದಿನದ ಕೊನೆಯ ವಿಮಾನ. 10.35ಕ್ಕೆ ಒಂದು ಸಣ್ಣ ಊರಿನಲ್ಲಿ ಇಳಿಯುತ್ತೇವೆ. ಪ್ರಯಾಣಿಕರೆಲ್ಲ ಇಳಿದು, ವ್ಯಾನ್ ಬಂದು, ಹೋಟೆಲ್ ರೂಮಿನ ಬಾಗಿಲು ತೆಗೆಯುವಾಗ 11.20. ಬೆಳಗಿನ ಜಾವ 4ಕ್ಕೆ ಅಲಾರಂ. 4.40ಕ್ಕೆ ವ್ಯಾನ್. 6ಕ್ಕೆ ಅದೇ ವಿಮಾನ ವಾಪಸ್. 6.55ಕ್ಕೆ ಬೇಸ್, 7.10ಕ್ಕೆ ಡ್ಯೂಟಿ ಮುಗಿಯುತ್ತೆ. ಅದೇ ದಿನ ಸಂಜೆ 6ಕ್ಕೆ ಮತ್ತೆ ರಿಪೋರ್ಟ್. ನಡುವೆ ಸಿಗುವುದು 10 ಗಂಟೆ 50 ನಿಮಿಷ. ನಿಯಮ ಕೇಳುವುದು 10 ಗಂಟೆ.

ಮನೆಯಿಂದ ದೂರ ಇದ್ದದ್ದು 13 ಗಂಟೆಗೂ ಜಾಸ್ತಿ. ಬ್ಲಾಕ್ ಸಮಯ, ಅಂದರೆ ಗೇಟಿನಿಂದ ಹೊರಟು ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನದ್ದು, ನಾಲ್ಕೂ ಲೆಗ್ (ಒಂದೊಂದು ಹಾರಾಟಕ್ಕೆ ಲೆಗ್ ಅಂತೀವಿ) ಸೇರಿ 3 ಗಂಟೆ 30 ನಿಮಿಷ. ಯೂನಿಯನ್ ಕಂಪನಿ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಇಂಥ ರಾತ್ರಿಗೆ ಕನಿಷ್ಠ 4 ಗಂಟೆ ಕ್ರೆಡಿಟ್, ಅಂದರೆ 4 ಗಂಟೆಯ ಸಂಬಳ, ಇದೆ. ಕೈಗೆ ಬರುವುದು ಅಷ್ಟೇ.

ನನ್ನ ಪ್ರಶ್ನೆ ಹೋಟೆಲಿನ ಆ 5 ಗಂಟೆ 20 ನಿಮಿಷದ ಬಗ್ಗೆ. ಡ್ಯೂಟಿ ಮಿತಿ ಲೆಕ್ಕ ಹಾಕುವಾಗ ಅದು ವಿಶ್ರಾಂತಿ, ಹಾಗಾಗಿ ಕಳೆಯುತ್ತಾರೆ. ಸಂಬಳ ಲೆಕ್ಕ ಹಾಕುವಾಗಲೂ ಅದು ವಿಶ್ರಾಂತಿ, ಮತ್ತೆ ಕಳೆಯುತ್ತಾರೆ. ಆದರೆ ಅದು ನನ್ನ ಸಮಯ ಅಂತ ಯಾರಾದರೂ ಹೇಳಬಹುದಾ? ಯೂನಿಫಾರ್ಮ್ ಹ್ಯಾಂಗರ್‌ನಲ್ಲಿ ನೇತಾಡುತ್ತಿರುತ್ತೆ. ಅಲಾರಂ ಮೂರು ಇಟ್ಟಿರುತ್ತೇನೆ. ಎಲ್ಲಿ ಎಚ್ಚರ ಆಗದೆ ಹೋಗುತ್ತೋ ಅನ್ನೋ ಭಯಕ್ಕೇ ನಿದ್ದೆ ಹತ್ತೋದಿಲ್ಲ.

ಇದನ್ನು ಬರೆಯಲು ಕಾರಣ ಕಳೆದ ವಾರದ ಮೂರನೇ ಬೆಳಗ್ಗೆ. ಎಂಟು ಸಾವಿರ ಅಡಿಗೆ ಇಳಿಯಿರಿ ಅಂತ ಕಂಟ್ರೋಲರ್ ಹೇಳಿದರು. ನಾನು ಸರಿಯಾಗಿಯೇ ತಿರುಗಿ ಹೇಳಿದೆ. ಕೈ ಮಾತ್ರ ಎತ್ತರ ಹೊಂದಿಸುವ ಗುಂಡಿಯನ್ನು ಆರು ಸಾವಿರಕ್ಕೆ ತಿರುಗಿಸಿತ್ತು. ಕ್ಯಾಪ್ಟನ್ ಬೆರಳಿಟ್ಟು "ಎಂಟು" ಅಂದರು. ಅಷ್ಟೇ, ಏನೂ ಆಗಲಿಲ್ಲ. ಆದರೆ ನನ್ನ ಬಾಯಿ ಒಂದು ಹೇಳಿ ಕೈ ಇನ್ನೊಂದು ಮಾಡಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅವತ್ತಿನಿಂದ ಅದೇ ಯೋಚನೆ.

ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ? ನಿಮ್ಮ ಕಡೆ ಸಂಬಳ ಹೇಗೆ ಲೆಕ್ಕ ಹಾಕುತ್ತಾರೆ?

ಎಡಸೀಟು

ತಂಗಿ, ನಾನು ಹದಿನಾಲ್ಕು ವರ್ಷದಿಂದ ಹಾರುತ್ತಿದ್ದೇನೆ. ರಾತ್ರಿ ಹೋಗಿ ಬೆಳಗ್ಗೆ ವಾಪಸ್ ಬರುವ ಡ್ಯೂಟಿಗೆ ಸ್ಟ್ಯಾಂಡ್-ಅಪ್ ಅಂತೀವಿ. ಅವನ್ನು ಬೇಕು ಅಂತಲೇ ಕೇಳಿ ಹಾಕಿಸಿಕೊಳ್ಳುತ್ತೇನೆ. ಸ್ವಲ್ಪ ಆಶ್ಚರ್ಯ ಆಗಬಹುದು.

ನನ್ನದು ಒಂದು ಲೆಗ್ ಹೋಗಿ ಒಂದು ಲೆಗ್ ಬರುವ ಸ್ಟ್ಯಾಂಡ್-ಅಪ್. ರಾತ್ರಿ 9ರ ಮೇಲೆ ರಿಪೋರ್ಟ್, ಬೆಳಗ್ಗೆ 7ಕ್ಕೆ ಮನೆ ದಾರಿ. ಮಕ್ಕಳನ್ನು ಶಾಲೆಗೆ ಬಿಡುತ್ತೇನೆ, ಮಲಗುತ್ತೇನೆ, ಅವರು ಬರುವ ಹೊತ್ತಿಗೆ ಎದ್ದಿರುತ್ತೇನೆ. ನಾಲ್ಕು ದಿನ ಊರೂರು ಸುತ್ತುವ ಟ್ರಿಪ್‌ಗಿಂತ ನನಗೆ ಇದೇ ವಾಸಿ. ಮಗಳ ಹುಟ್ಟುಹಬ್ಬ ಒಂದೂ ತಪ್ಪಿಲ್ಲ.

ಆದರೆ ನಿಮ್ಮದು ಬೇರೆ. ಸಂಜೆ ಮೂರು ಲೆಗ್ ಹಾರಿಸಿ, ಬೆಳಗ್ಗೆ ಇನ್ನೊಂದು ಹಾರಿಸುವುದನ್ನು ನಾನು ಸ್ಟ್ಯಾಂಡ್-ಅಪ್ ಅಂತ ಕರೆಯೋದೇ ಇಲ್ಲ. ಅದು ಒಂದು ಪೂರ್ತಿ ಸಂಜೆ ಡ್ಯೂಟಿ, ಅದರ ಬಾಲಕ್ಕೆ ಒಂದು ಬೆಳಗಿನ ಡ್ಯೂಟಿ ಗಂಟು ಹಾಕಿದ್ದಾರೆ.

ನಿಯಮದಲ್ಲೂ ವ್ಯತ್ಯಾಸ ಇದೆ. ಸಂಜೆ 5ರಿಂದ ರಾತ್ರಿ 10ರ ಒಳಗೆ ಶುರುವಾದ ಡ್ಯೂಟಿಗೆ ಎರಡು ಲೆಗ್ ಆದರೆ 12 ಗಂಟೆ ಮಿತಿ. ನನ್ನ ಹತ್ತು ಗಂಟೆಯ ರಾತ್ರಿ ಅದರೊಳಗೆ ಹಾಗೇ ಕೂರುತ್ತೆ, ಸ್ಪ್ಲಿಟ್ ನಿಯಮವೇ ಬೇಕಾಗಿಲ್ಲ. ನಿಮ್ಮದು ನಾಲ್ಕು ಲೆಗ್, ಮಿತಿ 11 ಗಂಟೆ. ನಿಮ್ಮ ಹಾರಾಟದ ಡ್ಯೂಟಿ ಸಂಜೆ 6ರಿಂದ ಬೆಳಗ್ಗೆ 6.55ರವರೆಗೆ, ಅಂದರೆ 12 ಗಂಟೆ 55 ನಿಮಿಷ. ಹೋಟೆಲ್ ಸಮಯ ಕಳೆಯದಿದ್ದರೆ ಆ ಡ್ಯೂಟಿಯನ್ನು ಬರೆಯಲಿಕ್ಕೇ ಆಗೋದಿಲ್ಲ.

ರೋಸ್ಟರ್ ಮೇಜು

ನಾನು ಪೈಲಟ್ ಅಲ್ಲ. ಕ್ರೂ ಪ್ಲಾನಿಂಗ್‌ನಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಬೈಸಿಕೊಳ್ಳುವ ಕಡೆಯವನು. ಆದರೂ ಇಂಥ ಡ್ಯೂಟಿ ಯಾಕೆ ಹುಟ್ಟುತ್ತೆ ಅಂತ ಹೇಳಬೇಕು.

ಸಣ್ಣ ಊರಿನ ಜನಕ್ಕೆ ಬೆಳಗ್ಗೆ 6ರ ವಿಮಾನ ಬೇಕು. ಅದು ಹಬ್‌ಗೆ, ಅಂದರೆ ವಿಮಾನ ಬದಲಾಯಿಸುವ ದೊಡ್ಡ ನಿಲ್ದಾಣಕ್ಕೆ, 7ಕ್ಕೆ ತಲುಪಿದರೆ 8ರ ದೊಡ್ಡ ವಿಮಾನಗಳು ಸಿಗುತ್ತವೆ. ಆ ವಿಮಾನ ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ನಿಂತಿರಬೇಕು. ಅದನ್ನು ತಂದ ಕ್ರೂ ರಾತ್ರಿ 11ರ ಹತ್ತಿರ ಬಿಡುಗಡೆ ಆಗುತ್ತಾರೆ. ಅವರಿಗೆ 10 ಗಂಟೆ ವಿಶ್ರಾಂತಿ ಕೊಟ್ಟರೆ ಬೆಳಗ್ಗೆ 9ರ ತನಕ ಮುಟ್ಟುವ ಹಾಗಿಲ್ಲ. ಹಾಗಾದರೆ 6ರ ವಿಮಾನ ಯಾರು ಹಾರಿಸಬೇಕು? ಹಿಂದಿನ ಸಂಜೆ ಬೇಗ ಬಂದು ಮಲಗಿದ ಇನ್ನೊಂದು ಕ್ರೂ. ಅಂದರೆ ಅದೇ ಊರಿನಲ್ಲಿ ಎರಡು ಸೆಟ್ ಜನ, ಎರಡು ಪಟ್ಟು ರೂಮು, ಒಂದು ಸೆಟ್ ಮರುದಿನ ಅರ್ಧ ದಿನ ಸುಮ್ನೆ ಕೂತಿರುತ್ತೆ. ಸ್ಪ್ಲಿಟ್ ಡ್ಯೂಟಿ ಮಾಡಿದರೆ ಒಂದೇ ಸೆಟ್ ಸಾಕು.

ಪ್ಲಾನಿಂಗ್ ಸಾಫ್ಟ್‌ವೇರ್‌ಗೆ ಎರಡೇ ವಿಷಯ ಗೊತ್ತು. ಇದು ನಿಯಮದೊಳಗೆ ಇದೆಯಾ, ಇದಕ್ಕೆ ಎಷ್ಟು ಖರ್ಚು. ಆ ರಾತ್ರಿಗೆ 4 ಗಂಟೆ ಕ್ರೆಡಿಟ್ ಅಂತ ತುಂಬಿದರೆ ಅದು ಅಗ್ಗದ ಡ್ಯೂಟಿ ಅಂತ ತಿಳಿದು ತಿಂಗಳ ತುಂಬ ಅದನ್ನೇ ಸುರಿಯುತ್ತೆ. ನಾವು ಕೂತು ಒಬ್ಬೊಬ್ಬರ ಹೆಸರಿನ ಮುಂದೆ ಹಾಕಿದ್ದಲ್ಲ.

ಹಳೇ ಲಾಗ್‌ಬುಕ್

ರೋಸ್ಟರ್ ಮೇಜು ಅವರೇ, ನೀವು ಕೊನೆಯ ಪ್ಯಾರಾದಲ್ಲಿ ಹೇಳಿದ್ದೇ ಮುಖ್ಯ ವಿಷಯ. ನಾನು ನಿವೃತ್ತ ಕ್ಯಾಪ್ಟನ್. ಎರಡು ಸಲ ಒಪ್ಪಂದದ ಮಾತುಕತೆ ತಂಡದಲ್ಲಿ ಕೂತಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಪೈಲಟ್ ಸಂಬಳ ಮೂಲತಃ ಬ್ಲಾಕ್ ಗಂಟೆಗೆ ಇಷ್ಟು ಅಂತ. ಹಾರಾಟ ಕಡಿಮೆ ಇದ್ದು ಡ್ಯೂಟಿ ಉದ್ದ ಇದ್ದರೆ ಪೈಲಟ್ ಮುಳುಗುತ್ತಾನೆ. ಅದನ್ನು ತಡೆಯಲು 'ರಿಗ್' ಅಂತ ಒಂದು ವ್ಯವಸ್ಥೆ ಇದೆ. ಡ್ಯೂಟಿ ರಿಗ್ ಅಂದರೆ, ಉದಾಹರಣೆಗೆ, ಎರಡು ಗಂಟೆ ಡ್ಯೂಟಿಗೆ ಕನಿಷ್ಠ ಒಂದು ಗಂಟೆ ಸಂಬಳ. ಟ್ರಿಪ್ ರಿಗ್ ಅಂದರೆ ಬೇಸ್ ಬಿಟ್ಟು ಇದ್ದ ಒಟ್ಟು ಸಮಯದ ಮೇಲೆ ಇಷ್ಟು. ಬ್ಲಾಕ್, ರಿಗ್, ದಿನದ ಕನಿಷ್ಠ, ಇವುಗಳಲ್ಲಿ ಯಾವುದು ಜಾಸ್ತಿಯೋ ಅದು ಕೈಗೆ. ಇದರ ಮೇಲೆ ತಿಂಗಳ ಗ್ಯಾರಂಟಿ, ಹೆಚ್ಚಿನ ಕಡೆ 75 ಗಂಟೆಯ ಆಸುಪಾಸು.

ಈಗ ಬಲಸೀಟು ಅವರ ರಾತ್ರಿ ತೆಗೆದುಕೊಳ್ಳಿ. ಡ್ಯೂಟಿ 13 ಗಂಟೆ 10 ನಿಮಿಷ. ಎರಡಕ್ಕೆ ಒಂದರ ರಿಗ್ ಹಾಕಿದರೆ 6 ಗಂಟೆ 35 ನಿಮಿಷ ಸಿಗಬೇಕು. ಹೋಟೆಲಿನ 5 ಗಂಟೆ 20 ನಿಮಿಷ ಕಳೆದು ರಿಗ್ ಹಾಕಿದರೆ? 3 ಗಂಟೆ 55 ನಿಮಿಷ. ಅದಕ್ಕೇ ನಿಮ್ಮ ಒಪ್ಪಂದದಲ್ಲಿ 'ಕನಿಷ್ಠ 4' ಅಂತ ಇದ್ದರೆ ಅದು ಉದಾರವಾಗಿ ಕಾಣುತ್ತೆ. ಐದು ನಿಮಿಷ ಜಾಸ್ತಿ ಕೊಟ್ಟಿದ್ದಾರೆ.

ಇದು ಬರೀ ದುಡ್ಡಿನ ವಿಷಯ ಅಂತ ಅಂದುಕೊಳ್ಳಬೇಡಿ. 12 ರಾತ್ರಿಗೆ 4ರಂತೆ 48 ಗಂಟೆ. ಗ್ಯಾರಂಟಿ 75. ಕಂಪನಿ ದೃಷ್ಟಿಯಲ್ಲಿ ನೀವು ಇನ್ನೂ 27 ಗಂಟೆ ಬಾಕಿ. ಹಾಗಾಗಿ ಆ ಹನ್ನೆರಡು ರಾತ್ರಿಯ ಅಕ್ಕಪಕ್ಕದಲ್ಲಿ ಇನ್ನಷ್ಟು ಟ್ರಿಪ್ ತುರುಕುತ್ತಾರೆ. ಅದೇ 12 ರಾತ್ರಿಗೆ 6.35ರಂತೆ ಹಾಕಿ ನೋಡಿ. 79 ಗಂಟೆ. ತಿಂಗಳು ತುಂಬಿತು. ಉಳಿದ ದಿನ ಮನೆಯಲ್ಲಿ ಮಲಗಬಹುದು.

ಕ್ರೆಡಿಟ್ ಕಡಿಮೆ ಆದಷ್ಟೂ ರಾತ್ರಿಗಳು ಜಾಸ್ತಿ. ಸಂಬಳದ ಪುಟ ಬೇರೆ, ಆಯಾಸದ ಪುಟ ಬೇರೆ ಅಂತ ಮಾತುಕತೆಯಲ್ಲಿ ನಮಗೆ ಹೇಳುತ್ತಿದ್ದರು. ನಾವೂ ಮೊದಲ ಸಲ ಒಪ್ಪಿಕೊಂಡೆವು. ಆ ತಪ್ಪು ನನ್ನ ಮನಸ್ಸಿನಲ್ಲಿ ಇವತ್ತಿಗೂ ಇದೆ.

ಕಿಟಕಿ ಪಕ್ಕ

ನಾನು ಬರೀ ಪ್ರಯಾಣಿಕ. ಒಂದು ಪ್ರಶ್ನೆ ಕೇಳಬಹುದಾ? ಅಷ್ಟು ಸುಸ್ತಾಗಿದ್ದರೆ "ಇವತ್ತು ಹಾರಿಸಲ್ಲ" ಅಂತ ಹೇಳಬಹುದಲ್ವಾ? ಯಾರಾದರೂ ತಡೆಯುತ್ತಾರಾ?

ಎಡಸೀಟು

ಒಳ್ಳೆಯ ಪ್ರಶ್ನೆ. ಹೇಳಬಹುದು ಅಷ್ಟೇ ಅಲ್ಲ, ಹೇಳಲೇಬೇಕು. ಅಮೆರಿಕದಲ್ಲಿ 2014ರ ಜನವರಿ 4ರಿಂದ ಜಾರಿಯಲ್ಲಿರುವ ಪಾರ್ಟ್ 117 ನಿಯಮದ ಪ್ರಕಾರ, ಆಯಾಸ ಇದ್ದರೆ ಪೈಲಟ್ ಡ್ಯೂಟಿ ಒಪ್ಪುವ ಹಾಗಿಲ್ಲ, ಕಂಪನಿ ಹಾರಲು ಬಿಡುವ ಹಾಗೂ ಇಲ್ಲ. ಹಾರುವ ಮೊದಲು ಫಿಟ್ ಇದ್ದೇನೆ ಅಂತ ನಾವೇ ಒಪ್ಪಿ ಹೇಳಬೇಕು.

ಆದರೆ ಆ ನಿಯಮದಲ್ಲಿ ಸಂಬಳದ ಬಗ್ಗೆ ಒಂದು ಅಕ್ಷರ ಇಲ್ಲ. ಆಯಾಸ ಅಂತ ಫೋನ್ ಮಾಡಿದ ರಾತ್ರಿಗೆ ಸಂಬಳ ಉಂಟಾ, ಸಿಕ್ ಲೀವ್‌ನಿಂದ ಕಳೆಯುತ್ತಾರಾ, ಪೂರ್ತಿ ಹೋಯಿತಾ, ಅದೆಲ್ಲ ಒಪ್ಪಂದಕ್ಕೆ ಬಿಟ್ಟದ್ದು. ಕೆಲವು ಕಡೆ ಒಂದು ಸಮಿತಿ ವರದಿ ನೋಡಿ ತೀರ್ಮಾನ ಮಾಡುತ್ತೆ.

ಭಯ ಏನು ಮಾಡುತ್ತೆ ಅನ್ನೋದಕ್ಕೆ ಒಂದು ನಿಜ ಘಟನೆ. 2007ರ ಫೆಬ್ರವರಿ 18, ಕ್ಲೀವ್‌ಲ್ಯಾಂಡ್. ಶಟಲ್ ಅಮೆರಿಕ ಕಂಪನಿಯ ಎಂಬ್ರೇಯರ್ 170 ವಿಮಾನ ಹಿಮದಲ್ಲಿ ಇಳಿದು ರನ್‌ವೇ ದಾಟಿ ಹೋಯಿತು. ಯಾರೂ ಸಾಯಲಿಲ್ಲ. ಆ ಕ್ಯಾಪ್ಟನ್ ಹಿಂದಿನ 32 ಗಂಟೆಯಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ ಮಾತ್ರ ನಿದ್ದೆ ಮಾಡಿದ್ದರು. ಆಯಾಸ ಅಂತ ಹೇಳಿದರೆ ಕೆಲಸ ಹೋಗಬಹುದು ಅಂತ ಹೆದರಿ ಸುಮ್ಮನಿದ್ದರು. ಕಂಪನಿಯ ಹಾಜರಿ ನೀತಿಯೂ ಇದಕ್ಕೆ ಕಾರಣ ಅಂತ ತನಿಖೆ ಮಾಡಿದ ಎನ್‌ಟಿಎಸ್‌ಬಿ (ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ) ಬರೆದಿದೆ. ನಾನು ಹೊಸದಾಗಿ ಬರುವ ಪ್ರತಿಯೊಬ್ಬ ಫಸ್ಟ್ ಆಫೀಸರ್‌ಗೂ ಈ ವರದಿ ಓದಿ ಅಂತ ಹೇಳುತ್ತೇನೆ.

ನಿದ್ದೆಯ ಡಾಕ್ಟರ್

ನಾನು ವೈದ್ಯೆ. ಪೈಲಟ್‌ಗಳ ವೈದ್ಯಕೀಯ ತಪಾಸಣೆ ಮಾಡುತ್ತೇನೆ. ಬಲಸೀಟು ಅವರೇ, ಬಾಯಿ ಎಂಟು ಅಂದು ಕೈ ಆರು ತಿರುಗಿಸಿದ್ದು ಸೋಮಾರಿತನವೂ ಅಲ್ಲ, ಅಜಾಗರೂಕತೆಯೂ ಅಲ್ಲ. ದಯವಿಟ್ಟು ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಬೆಳಗಿನ ಜಾವ 2ರಿಂದ 6ರ ನಡುವಿನ ಹೊತ್ತನ್ನು ವಿಮಾನಯಾನದಲ್ಲಿ WOCL ('ವಿಂಡೋ ಆಫ್ ಸರ್ಕೇಡಿಯನ್ ಲೋ') ಅಂತ ಗುರುತಿಸುತ್ತಾರೆ. ದೇಹದ ಗಡಿಯಾರ ಅತಿ ಕೆಳಗೆ ಇಳಿಯುವ ಹೊತ್ತು ಅದು. ಮೈ ಬಿಸಿ ಕಡಿಮೆ ಆಗುತ್ತೆ, ಗಮನ ಜಾರುತ್ತೆ. ನಿಮ್ಮ ಅಲಾರಂ ಅದರ ನಟ್ಟನಡುವೆ ಹೊಡೆಯುತ್ತೆ. ಎದ್ದ ಮೇಲೂ ತಲೆಯಲ್ಲಿ ಸ್ವಲ್ಪ ಹೊತ್ತು ಮಂಪರು ಉಳಿಯುತ್ತಲ್ಲ, ಅದು ಈ ಹೊತ್ತಿನಲ್ಲಿ ಎದ್ದರೆ ಇನ್ನೂ ಜಾಸ್ತಿ.

ಆ ಮಂಪರು ಸಣ್ಣ ವಿಷಯ ಅಲ್ಲ. 2010ರ ಮೇ 22ರ ಮಂಗಳೂರು ಅಪಘಾತದಲ್ಲಿ 158 ಜನ ಸತ್ತರು. ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಬೆಳಗ್ಗೆ 6ರ ಸುಮಾರಿಗೆ ಇಳಿಸಿದರು. ಎದ್ದ ಮೇಲಿನ ಆ ಜಡತೆ ಅವರ ತೀರ್ಮಾನಗಳನ್ನು ಕೆಡಿಸಿರಬಹುದು ಅಂತ ತನಿಖಾ ವರದಿ ಹೇಳಿದೆ. ಅದು ಸ್ಪ್ಲಿಟ್ ಡ್ಯೂಟಿ ಆಗಿರಲಿಲ್ಲ, ರಾತ್ರಿಯಿಡೀ ಹೋಗಿ ಬರುವ ಡ್ಯೂಟಿ. ಆದರೆ ದೇಹಕ್ಕೆ ಡ್ಯೂಟಿಯ ಹೆಸರು ಗೊತ್ತಾಗಲ್ಲ.

ಇನ್ನೊಂದು ವಿಷಯ, ಇದು ನನಗೆ ತುಂಬ ಮುಖ್ಯ. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರೋಗ್ಯವಂತರಿಗೆ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟರು. ಕೊನೆಗೆ ಅವರ ಪರೀಕ್ಷೆಯ ಫಲಿತಾಂಶ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ಅವರನ್ನು ಕೇಳಿದರೆ "ಸ್ವಲ್ಪ ನಿದ್ದೆ ಬರುತ್ತಿದೆ, ಅಷ್ಟೇ" ಅಂದರು. ಅಂದರೆ ನಾವು ಎಷ್ಟು ದಣಿದಿದ್ದೇವೆ ಅಂತ ನಮಗೇ ತಿಳಿಯೋದಿಲ್ಲ. ಹಾಗಿರುವಾಗ ಬೆಳಗಿನ 4 ಗಂಟೆಗೆ ಪೈಲಟ್ ತಾನು ಫಿಟ್ ಅಂತ ಒಪ್ಪಿ ಹೇಳಬೇಕು ಅನ್ನೋ ನಿಯಮದ ಮೇಲೆ ಎಷ್ಟು ಭಾರ ಹಾಕಬಹುದು?

ನನ್ನ ಸಲಹೆ ಎರಡೇ. ಡ್ಯೂಟಿಗೆ ಹೊರಡುವ ಮುಂಚೆ, ಮಧ್ಯಾಹ್ನ ಎರಡನೇ ಸಲ ಮಲಗಿ, ಒಂದು ಗಂಟೆಯಾದರೂ ಸರಿ. ಮತ್ತೆ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ದಿನ ಎಷ್ಟು ನಿದ್ದೆ ಆಯಿತು ಅಂತ ಬರೆಯಿರಿ. ನೆನಪಿನ ಮೇಲೆ ಬಿಡಬೇಡಿ. ನಿದ್ದೆಗೆಟ್ಟವರು ಎಷ್ಟು ನಿದ್ದೆ ಕೆಟ್ಟಿದೆ ಅನ್ನೋದನ್ನೂ ಮರೆಯುತ್ತಾರೆ.

ಕಾರ್ಗೋ ರಾತ್ರಿ

ಡಾಕ್ಟರ್ ಮೇಡಂ ಹೇಳಿದ್ದು ಸರಿ. ಆದರೆ ಬಿಡುವಿನ ಸಮಯದ ಜವಾಬ್ದಾರಿ ನಮ್ಮ ಮೇಲೂ ಇದೆ, ಅದನ್ನೂ ಹೇಳಬೇಕು. 2013ರ ಆಗಸ್ಟ್ 14ರಂದು ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿದ್ದ ಯುಪಿಎಸ್ 1354, ಬೆಳಗಿನ ಜಾವದ ಸರಕಿನ ವಿಮಾನ, ಏರ್‌ಬಸ್ ಎ300. ಇಬ್ಬರೂ ಪೈಲಟ್‌ಗಳು ಸತ್ತರು. ಫಸ್ಟ್ ಆಫೀಸರ್ ತಮ್ಮ ಬಿಡುವಿನ ಸಮಯವನ್ನು ನಿದ್ದೆಗೆ ಸರಿಯಾಗಿ ಬಳಸಿರಲಿಲ್ಲ ಅಂತ ಎನ್‌ಟಿಎಸ್‌ಬಿ ಬರೆದಿದೆ. ಓದಿದರೆ ಸಂಕಟ ಆಗುತ್ತೆ, ಆದರೂ ಅದು ಇದೆ.

ಅದೇ ವರದಿಯಿಂದ ಇನ್ನೊಂದು ವಿಷಯ. ಹಾರುವ ಮೊದಲು ಆ ಇಬ್ಬರೂ ಕಾಕ್‌ಪಿಟ್‌ನಲ್ಲಿ ವಿಶ್ರಾಂತಿ ನಿಯಮದ ಬಗ್ಗೆಯೇ ಮಾತಾಡಿದ್ದರು. ಪ್ರಯಾಣಿಕರ ವಿಮಾನಕ್ಕೆ ಒಂದು, ಸರಕಿನ ವಿಮಾನಕ್ಕೆ ಒಂದು ಯಾಕೆ ಅಂತ. ಪಾರ್ಟ್ 117 ನಮಗೆ ಇವತ್ತಿಗೂ ಕಡ್ಡಾಯ ಅಲ್ಲ. ನಾವು ಹಾರುವುದೇ ರಾತ್ರಿ.

ಗ್ಯಾಲಿ

ಕ್ಯಾಬಿನ್ ಕ್ರೂ ಕಡೆಯಿಂದ ಎರಡು ಮಾತು. ಅದೇ ವ್ಯಾನ್, ಅದೇ ಹೋಟೆಲ್, ಅದೇ ಅಲಾರಂ. ಪಾರ್ಟ್ 117 ನಮಗೆ ಇಲ್ಲ. 2022ರಲ್ಲಿ ಎರಡು ಡ್ಯೂಟಿಗಳ ನಡುವೆ 10 ಗಂಟೆ ವಿಶ್ರಾಂತಿ ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮ ತಂತು, ಸಂತೋಷ. ಆದರೆ ಈ ರಾತ್ರಿ ಪೂರ್ತಿ ಒಂದೇ ಡ್ಯೂಟಿ, ಹಾಗಾಗಿ ಆ ನಿಯಮ ಹೋಟೆಲಿನ ಐದು ಗಂಟೆಯನ್ನು ಮುಟ್ಟೋದೇ ಇಲ್ಲ. ಬೆಂಕಿ ಬಿದ್ದರೆ ತೊಂಬತ್ತು ಸೆಕೆಂಡಿನಲ್ಲಿ ಜನರನ್ನು ಹೊರಗೆ ಕಳಿಸಬೇಕಾದವರು ನಾವು. ನಮ್ಮನ್ನು ಮರೆಯಬೇಡಿ.

ಬಲಸೀಟು

ಎಲ್ಲರಿಗೂ ಧನ್ಯವಾದ. ಗ್ಯಾಲಿ ಅವರೇ, ಕ್ಷಮಿಸಿ, ಮೊದಲ ಪೋಸ್ಟ್‌ನಲ್ಲೇ ನಿಮ್ಮ ಬಗ್ಗೆ ಬರೆಯಬೇಕಿತ್ತು. ಕಳೆದ ವಾರ ನನ್ನ ಜೊತೆ ಇದ್ದ ಹುಡುಗಿ ವ್ಯಾನ್‌ನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು.

ಲಾಗ್‌ಬುಕ್ ಸರ್, ನಿಮ್ಮ 3 ಗಂಟೆ 55 ನಿಮಿಷದ ಲೆಕ್ಕ ನೋಡಿ ನಾನು ಒಪ್ಪಂದದ ಪುಟ ತೆಗೆದೆ. ಹಾಗೇ ಇದೆ. "ನಿಗದಿಪಡಿಸಿದ ವಿಶ್ರಾಂತಿ ಅವಕಾಶ ಹೊರತುಪಡಿಸಿ" ಅಂತ ಒಂದೇ ಸಾಲು. ಮೂರು ವರ್ಷದಿಂದ ಆ ಸಾಲಿನ ಮೇಲೆ ಕಣ್ಣು ಹಾಯಿಸಿದ್ದೇನೆ, ಅರ್ಥ ಆಗಿರಲಿಲ್ಲ.

ಇನ್ನೊಂದು ಕೇಳಬೇಕು. ಸಂಜೆಯ ವಿಮಾನ ತಡವಾದರೆ ಏನು? ಹೋದ ತಿಂಗಳು ಗುಡುಗು ಮಳೆಗೆ ಒಂದು ಗಂಟೆ ತಡ ಆಗಿ, ರೂಮಿಗೆ ಹೋದಾಗ 12.20. ಅಷ್ಟರಲ್ಲಿ ಶೆಡ್ಯೂಲಿಂಗ್‌ನಿಂದ ಕ್ಯಾಪ್ಟನ್‌ಗೆ ಫೋನ್ ಬಂದಿತ್ತು.

ಎಡಸೀಟು

ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಸ್ಪ್ಲಿಟ್ ಡ್ಯೂಟಿ ಅಂತ ಹೋಟೆಲ್ ಸಮಯ ಕಳೆಯಬೇಕಾದರೆ ನಿಯಮ ಹಲವು ಷರತ್ತು ಹಾಕುತ್ತೆ. ವಿಶ್ರಾಂತಿ ರಾತ್ರಿ 10ರಿಂದ ಬೆಳಗ್ಗೆ 5ರ ಒಳಗೆ ಇರಬೇಕು. ಕನಿಷ್ಠ 3 ಗಂಟೆ, ಅದೂ ಹೋಟೆಲ್ ತಲುಪಿದ ಹೊತ್ತಿನಿಂದ. ಡ್ಯೂಟಿ ಶುರುವಾಗುವ ಮೊದಲೇ ಬರೆದಿಟ್ಟಿರಬೇಕು. ಕೊನೆಗೆ ಸಿಕ್ಕಿದ್ದು ಬರೆದದ್ದಕ್ಕಿಂತ ಕಡಿಮೆ ಆಗಬಾರದು. ಹೋಟೆಲ್ ಸಮಯ ಸೇರಿಸಿ ಒಟ್ಟು 14 ಗಂಟೆ ದಾಟಬಾರದು.

ನಿಮಗೆ ಬರೆದಿದ್ದು 5 ಗಂಟೆ 20 ನಿಮಿಷ. 12.20ಕ್ಕೆ ರೂಮು ಸೇರಿದರೆ 5ರ ಒಳಗೆ ಅಷ್ಟು ಸಿಗಲು ಸಾಧ್ಯವೇ ಇಲ್ಲ. ಸ್ಪ್ಲಿಟ್ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ಡ್ಯೂಟಿ ಸಂಜೆ 6ರಿಂದ ಓಡುತ್ತಲೇ ಇದೆ ಅಂತ ಲೆಕ್ಕ, 11 ಗಂಟೆ ಮಿತಿ ಬೆಳಗ್ಗೆ 5ಕ್ಕೆ ಮುಗಿಯುತ್ತೆ. ಆ ಫೋನ್ ಬಂದದ್ದು ಎಕ್ಸ್‌ಟೆನ್ಷನ್ ಕೇಳಲು. ಮೊದಲೇ ಗೊತ್ತಿರದ ಕಾರಣ ಇದ್ದರೆ ಎರಡು ಗಂಟೆವರೆಗೆ ವಿಸ್ತರಿಸಬಹುದು, ಆದರೆ ಕ್ಯಾಪ್ಟನ್ ಒಪ್ಪಬೇಕು. 7 ಗಂಟೆವರೆಗೆ ಸಿಗುತ್ತೆ, ನೀವು ಇಳಿಯುವುದು 6.55ಕ್ಕೆ. ಗಮನಿಸಿ, ಎಷ್ಟು ಸಲೀಸಾಗಿ ಕೂರುತ್ತೆ.

ಒಪ್ಪಬೇಕು ಅಂತ ಇಲ್ಲ. ನಾನು ಒಪ್ಪೋದಿಲ್ಲ. ನಿಮ್ಮ ಕ್ಯಾಪ್ಟನ್ ಒಪ್ಪಿದ್ದರೂ ನೀವು ಆಯಾಸ ಅಂತ ಹೇಳುವ ಹಕ್ಕು ನಿಮ್ಮದೇ.

ಇನ್ನೊಂದು. ಬೆಳಗಿನ ಜಾವ ಮುಟ್ಟುವ ಡ್ಯೂಟಿ ಸತತ ಮೂರೇ ರಾತ್ರಿ. ಪ್ರತಿ ರಾತ್ರಿ ಎರಡು ಗಂಟೆ ಮಲಗುವ ಅವಕಾಶ ಕೊಟ್ಟರೆ ಐದು ರಾತ್ರಿ. ನಿಮ್ಮನ್ನು ಐದು ರಾತ್ರಿ ಎಳೆಯಲು ಆಗುತ್ತಿರುವುದು ಆ ಹೋಟೆಲ್ ರೂಮಿನಿಂದಲೇ.

ಯುರೋಪ್ ಬೇಸ್

ನಮ್ಮ ಕಡೆ ಲೆಕ್ಕ ಬೇರೆ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈಸಾ (EASA) ನಿಯಮದಲ್ಲಿ ನಡುವಿನ ಬಿಡುವು ಕನಿಷ್ಠ 3 ಗಂಟೆ ಇರಬೇಕು. ಅದರ ಅರ್ಧದಷ್ಟು ಡ್ಯೂಟಿ ಮಿತಿ ಉದ್ದ ಆಗುತ್ತೆ. ಆದರೆ ಬಿಡುವಿನ ಪೂರ್ತಿ ಸಮಯ ಡ್ಯೂಟಿ ಲೆಕ್ಕದಲ್ಲೇ ಉಳಿಯುತ್ತೆ, ಕಳೆಯೋದಿಲ್ಲ. ಬಿಡುವು 6 ಗಂಟೆ ಮುಟ್ಟಿದರೆ ಅಥವಾ ಬೆಳಗಿನ ಜಾವಕ್ಕೆ ತಗುಲಿದರೆ ಮಲಗುವ ಕೋಣೆ ಕೊಡಲೇಬೇಕು. ಆಯಾಸ ನಮಗೂ ಇದೆ, ಸ್ವರ್ಗ ಅಂತ ಹೇಳುತ್ತಿಲ್ಲ. ಆದರೆ ನಿಯಮವೇ ಆ ಗಂಟೆಗಳನ್ನು ಡ್ಯೂಟಿ ಅಂದಾಗ ಸಂಬಳ ಕೇಳಲು ಒಂದು ಹಿಡಿ ಸಿಗುತ್ತೆ.

ರೋಸ್ಟರ್ ಮೇಜು

ಒಂದು ಕಡೆ ನಾನು ಒಪ್ಪಲಾರೆ. ಆ ರಾತ್ರಿಗೆ 6.35 ಕ್ರೆಡಿಟ್ ಕೊಟ್ಟರೆ ಕೆಲವು ಊರುಗಳ ಬೆಳಗಿನ ವಿಮಾನವೇ ನಿಂತುಹೋಗುತ್ತೆ. ಐವತ್ತು ಸೀಟಿನ ವಿಮಾನದಲ್ಲಿ ಲಾಭ ತುಂಬ ತೆಳು. ಆಗ ಆ ಊರಿನ ಜನ, ಆಸ್ಪತ್ರೆಗೆ ಹೋಗುವವರು, ಎಲ್ಲರೂ ಮೂರು ಗಂಟೆ ಕಾರಿನಲ್ಲಿ ಹೋಗಬೇಕು. ಅದನ್ನೂ ಯೋಚನೆ ಮಾಡಿ.

ಹಳೇ ಲಾಗ್‌ಬುಕ್

ಯೋಚನೆ ಮಾಡಿದ್ದೇನೆ. ಸಣ್ಣ ಊರಿನ ವಿಮಾನ ನಾನೂ ಇಪ್ಪತ್ತು ವರ್ಷ ಹಾರಿಸಿದ್ದೇನೆ. ಆ ಜನ ನನಗೆ ಗೊತ್ತು.

ಆದರೆ ಆ ಬೆಳಗಿನ ವಿಮಾನ ಓಡುತ್ತಿರುವುದು ಯಾರ ಖರ್ಚಿನಲ್ಲಿ? ಅತಿ ಕಡಿಮೆ ಸೀನಿಯಾರಿಟಿ ಇರುವ ಪೈಲಟ್ ಮತ್ತು ಕ್ಯಾಬಿನ್ ಕ್ರೂ ನಿದ್ದೆಯ ಖರ್ಚಿನಲ್ಲಿ. ಎಡಸೀಟು ಅವರ ಹಾಗೆ ಇಷ್ಟಪಟ್ಟು ತೆಗೆದುಕೊಳ್ಳುವವರು ಒಳ್ಳೆಯ ಸ್ಟ್ಯಾಂಡ್-ಅಪ್‌ಗಳನ್ನು ಮೊದಲೇ ಆರಿಸಿಕೊಳ್ಳುತ್ತಾರೆ, ಅದು ಅವರ ಹಕ್ಕು. ಉಳಿದ ನಾಲ್ಕು ಲೆಗ್‌ನವು ಕೆಳಗೆ ಇಳಿದು ಇಳಿದು ಬಲಸೀಟು ಅವರಂಥವರ ತಲೆ ಮೇಲೆ ಬೀಳುತ್ತವೆ.

ಕಡಿಮೆ ಸಂಬಳ ನಿದ್ದೆಯನ್ನು ಇನ್ನೊಂದು ದಾರಿಯಿಂದಲೂ ತಿನ್ನುತ್ತೆ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ ಕಂಪನಿಯ 3407 ವಿಮಾನ ಬಿದ್ದು 50 ಜನ ಸತ್ತರು. ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕಿನ ವಿಮಾನಗಳಲ್ಲಿ ಬೇಸ್‌ಗೆ ಬಂದಿದ್ದರು. ಕ್ಯಾಪ್ಟನ್ ಕ್ರೂ ರೂಮಿನಲ್ಲಿ ರಾತ್ರಿ ಕಳೆದಿದ್ದರು. ಆಯಾಸದ ಪಾಲು ಎಷ್ಟು ಅಂತ ಎನ್‌ಟಿಎಸ್‌ಬಿಗೆ ಅಳೆಯಲು ಆಗಲಿಲ್ಲ. ಆದರೆ ಅಷ್ಟು ಸಂಬಳದಲ್ಲಿ ಬೇಸ್ ಹತ್ತಿರ ಮನೆ ಮಾಡಲು ಹೇಗೆ ಸಾಧ್ಯ ಅನ್ನೋ ಪ್ರಶ್ನೆ ಆಗ ಇಡೀ ದೇಶ ಕೇಳಿತು. ಮಡಿದವರ ಮನೆಯವರು ವಾಷಿಂಗ್ಟನ್‌ನಲ್ಲಿ ಕಚೇರಿ ಕಚೇರಿ ಅಲೆದರು. ಈಗಿನ ವಿಶ್ರಾಂತಿ ನಿಯಮ ಬಂದದ್ದು ಹಾಗೆ. ಅವರನ್ನು ನೆನೆಸಿಕೊಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ.

ನಾನು ಸ್ಪ್ಲಿಟ್ ಡ್ಯೂಟಿ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಅದರ ನಿಜವಾದ ಬೆಲೆ ಸಾಫ್ಟ್‌ವೇರ್‌ಗೆ ತುಂಬಿ ಅಂತ ಹೇಳುತ್ತಿದ್ದೇನೆ. ಬೇಕಾದ ಊರಿಗೆ ಅದು ಉಳಿಯುತ್ತೆ. ಸುಮ್ನೆ ಅಗ್ಗ ಅಂತ ಹಾಕಿದ ಕಡೆಯಿಂದ ತಾನೇ ಹೋಗುತ್ತೆ.

ರೋಸ್ಟರ್ ಮೇಜು

ಸರ್, ಸೀನಿಯಾರಿಟಿ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಮಾತ್ರ ಮಾಡಬಹುದು. ನಾಲ್ಕು ಲೆಗ್ ಇರುವ ಸ್ಪ್ಲಿಟ್ ಸತತ ಎರಡಕ್ಕಿಂತ ಜಾಸ್ತಿ ಬರದ ಹಾಗೆ ಸಾಫ್ಟ್‌ವೇರ್‌ನಲ್ಲಿ ತಡೆ ಹಾಕಲು ಬರುತ್ತೆ. ಅದಕ್ಕೆ ನಿಯಮ ಬದಲಾಗಬೇಕಿಲ್ಲ. ಆದರೆ ಹಾಕಿ ಅಂತ ಮೇಲಿನವರು ಹೇಳಬೇಕು. ಅವರು ಹೇಳಬೇಕಾದರೆ ಆಯಾಸದ ವರದಿಗಳು ಬರಬೇಕು. ನಿಜ ಹೇಳುತ್ತೇನೆ, ನಾನು ಇದ್ದ ಕಡೆ ಒಂದು ಡ್ಯೂಟಿ ಬದಲಾದದ್ದು ಅದರ ನಂಬರ್ ಹಾಕಿ ಹದಿನೇಳು ವರದಿ ಬಂದ ಮೇಲೆ. ಬೈಗುಳ ಎಷ್ಟು ಬಂದರೂ ಏನೂ ಬದಲಾಗಿರಲಿಲ್ಲ. ದಯವಿಟ್ಟು ವರದಿ ಬರೆಯಿರಿ, ಡ್ಯೂಟಿ ನಂಬರ್ ಹಾಕಿ ಬರೆಯಿರಿ.

ಬಲಸೀಟು

ಎರಡು ವಾರ ಆಯಿತು, ಆಮೇಲೆ ಏನಾಯಿತು ಅಂತ ಹೇಳಲು ಬಂದೆ.

ಡಾಕ್ಟರ್ ಮೇಡಂ ಹೇಳಿದ ಹಾಗೆ ನೋಟ್‌ಬುಕ್ ಇಟ್ಟೆ. ಕಳೆದ ವಾರ ಸತತ ನಾಲ್ಕು ರಾತ್ರಿ. ಹೋಟೆಲ್ ನಿದ್ದೆ ಮೊದಲ ರಾತ್ರಿ 3 ಗಂಟೆ 40 ನಿಮಿಷ. ಹಗಲು ಮನೆಯಲ್ಲಿ 4 ಗಂಟೆ. ಎರಡನೇ ರಾತ್ರಿ 3.10, ಹಗಲು 3.30, ಪಕ್ಕದ ಮನೆಯಲ್ಲಿ ಛಾವಣಿ ರಿಪೇರಿ ಇತ್ತು. ಮೂರನೇ ರಾತ್ರಿ 3.30, ಹಗಲು 4.15. ನಾಲ್ಕನೇ ರಾತ್ರಿ ಎರಡೂವರೆ. ನೋಟ್‌ಬುಕ್ ಇಲ್ಲದಿದ್ದರೆ ನಾನು 'ಪರವಾಗಿಲ್ಲ, ದಿನಕ್ಕೆ ಏಳೆಂಟು ಗಂಟೆ ಆಗುತ್ತಿದೆ' ಅಂದುಕೊಳ್ಳುತ್ತಿದ್ದೆ. ಕೂಡಿಸಿದರೆ ಸಂಖ್ಯೆ ಹಾಗೇ ಕಾಣುತ್ತೆ. ಆದರೆ ತುಂಡು ತುಂಡು.

ನಾಲ್ಕನೇ ಬೆಳಗ್ಗೆ 4ಕ್ಕೆ ಎದ್ದು ಶೂ ಲೇಸ್ ಕಟ್ಟಿದೆ. ಕಟ್ಟಿದ್ದೇನಾ ಇಲ್ಲವಾ ಅಂತ ಎರಡು ಸಲ ಬಗ್ಗಿ ನೋಡಿದೆ. ಆಗ ಆ ಆರು ಸಾವಿರ ನೆನಪಾಯಿತು. ಹಾಸಿಗೆ ಮೇಲೆ ಕೂತು ಫೋನ್ ಮಾಡಿ "ಆಯಾಸ ಇದೆ, ಹಾರಿಸಲ್ಲ" ಅಂದೆ. ಕೈ ನಡುಗುತ್ತಿತ್ತು. ಆ ಕಡೆ ಇದ್ದವರು ಬೈಯಲಿಲ್ಲ. ಹೆಸರು, ಎಂಪ್ಲಾಯಿ ನಂಬರ್, ಕೊನೆಯ ನಿದ್ದೆ ಎಷ್ಟು ಹೊತ್ತು, ಇಷ್ಟು ಕೇಳಿ ಬರೆದುಕೊಂಡರು. ನೋಟ್‌ಬುಕ್ ನೋಡಿ ಹೇಳಿದೆ. ಕ್ಯಾಪ್ಟನ್ ರೂಮಿಗೆ ಹೋಗಿ ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಿದ್ದು, "ಒಳ್ಳೆಯದಾಯಿತಮ್ಮ" ಅಂದರು. ಅವರಿಗೂ ಬೇಕಿತ್ತು ಅನಿಸಿತು.

6ರ ವಿಮಾನ ಹೊರಟಿದ್ದು 10ರ ಮೇಲೆ, ರಿಸರ್ವ್ ಪೈಲಟ್ ಬಂದ ಮೇಲೆ. ಲಾಬಿಯಲ್ಲಿ ಕೆಲವು ಪ್ರಯಾಣಿಕರನ್ನು ನೋಡಿದೆ. ಒಬ್ಬ ಅಜ್ಜಿ ಮೊಮ್ಮಗನ ಜೊತೆ ಕಾಯುತ್ತಿದ್ದರು. ಅವರ ಮುಖ ನೋಡಲು ಕಷ್ಟ ಆಯಿತು, ಸುಳ್ಳು ಹೇಳಲ್ಲ.

ಮಧ್ಯಾಹ್ನ ಎದ್ದು ವರದಿ ಬರೆದೆ. ಡ್ಯೂಟಿ ನಂಬರ್ ಹಾಕಿದ್ದೇನೆ, ನಾಲ್ಕೂ ರಾತ್ರಿಯ ನಿದ್ದೆ ಹಾಕಿದ್ದೇನೆ. ಇದೇ ಡ್ಯೂಟಿ ಮಾಡುವ ಇನ್ನೂ ಮೂವರು ಬರೆಯುತ್ತೇವೆ ಅಂದಿದ್ದಾರೆ, ಗ್ಯಾಲಿ ಕಡೆಯವರೂ ಇಬ್ಬರು. ಯೂನಿಯನ್ ಪ್ರತಿನಿಧಿಗೆ ಲಾಗ್‌ಬುಕ್ ಸರ್ ಲೆಕ್ಕ ಕಳಿಸಿದೆ, ಮುಂದಿನ ಮಾತುಕತೆಯ ಪಟ್ಟಿಗೆ "ವಿಶ್ರಾಂತಿ ಅವಕಾಶ ಹೊರತುಪಡಿಸಿ" ಅನ್ನೋ ಸಾಲು ಸೇರಿಸುತ್ತೇವೆ ಅಂದರು.

ಆ ರಾತ್ರಿಯ ಸಂಬಳ ಸಮಿತಿ ಮುಂದೆ ಇದೆ. ಕೊಡುತ್ತಾರೋ, ಸಿಕ್ ಲೀವ್‌ನಿಂದ ಕಳೆಯುತ್ತಾರೋ ಗೊತ್ತಾಗೋದು ತಿಂಗಳ ಕೊನೆಗೆ. ಪೇಸ್ಲಿಪ್ ಬಂದ ತಕ್ಷಣ ಆ ಸಾಲಿನಲ್ಲಿ ಏನಿದೆ ಅಂತ ಇಲ್ಲೇ ಬರೆಯುತ್ತೇನೆ.